ಠಾಣೆಯ ಡ್ಯೂಟಿ ಪಟ್ಟಿಯೂ ಮನೆಯ ಆರೋಗ್ಯವೂ

ನನ್ನ ಚಿಕಿತ್ಸಾಲಯದಿಂದ ಕೂಗಳತೆ ದೂರದಲ್ಲಿ ಪೊಲೀಸ್ ಕ್ವಾರ್ಟರ್ಸ್ ಇದೆ. ಅಲ್ಲಿಂದ ಬರುವ ರೋಗಿಗಳಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು. ಪೊಲೀಸರು ಬರುವುದು ಅಪರೂಪ. ಬಂದರೂ ಸಮವಸ್ತ್ರದಲ್ಲೇ ಬಂದು, ‘ಡಾಕ್ಟ್ರೇ, ಒಂದು ಮಾತ್ರೆ ಬರ್ಕೊಡಿ, ಬಂದೋಬಸ್ತಿಗೆ ಹೊರಟಿದ್ದೀನಿ’ ಎಂದು ಬಾಗಿಲಲ್ಲಿ ನಿಂತೇ ಕೇಳುತ್ತಾರೆ. ಪರೀಕ್ಷೆಯ ಮೇಜಿನ ಮೇಲೆ ಮಲಗಲು ಅವರಿಗೆ ಪುರಸೊತ್ತಿಲ್ಲ.

ಈ ಕ್ವಾರ್ಟರ್ಸಿನ ಗೃಹಿಣಿಯೊಬ್ಬರು ಆರು ತಿಂಗಳಿಂದ ತಲೆನೋವೆಂದು ನನ್ನಲ್ಲಿಗೆ ಬರುತ್ತಿದ್ದರು. ರಕ್ತದೊತ್ತಡ ಸರಿಯಾಗಿತ್ತು. ಕಣ್ಣಿನ ಪರೀಕ್ಷೆಯೂ ಆಯಿತು. ರಕ್ತಹೀನತೆ ಇರಲಿಲ್ಲ. ಪ್ರತಿ ಸಲವೂ ನೋವಿನ ಮಾತ್ರೆ ಬರೆದು ಕಳುಹಿಸುತ್ತಿದ್ದೆ. ಒಂದು ದಿನ ಎಂಟು ವರ್ಷದ ಮಗನನ್ನೂ ಹೊಟ್ಟೆನೋವೆಂದು ಕರೆತಂದರು. ಹೊಟ್ಟೆ ಮುಟ್ಟಿ ನೋಡಿದರೆ ಏನೂ ಇಲ್ಲ. ‘ಯಾವಾಗ ನೋಯುತ್ತೆ ಮರಿ?’ ಎಂದು ಕೇಳಿದೆ. ‘ಭಾನುವಾರ’ ಎಂದ. ಶಾಲೆಗೆ ಹೋಗಬೇಕಾದ ಸೋಮವಾರ ಹೊಟ್ಟೆನೋವು ಬರುವ ಮಕ್ಕಳನ್ನು ನೋಡಿದ್ದೇನೆ. ಭಾನುವಾರದ ಹೊಟ್ಟೆನೋವು ನನಗೂ ಹೊಸದು.

ತಾಯಿ ವಿವರಿಸಿದರು: ‘ಭಾನುವಾರ ಹೊರಗೆ ಕರ್ಕೊಂಡು ಹೋಗ್ತೀನಿ ಅಂತ ನಮ್ಮ ಯಜಮಾನ್ರು ಹೇಳಿರ್ತಾರೆ ಡಾಕ್ಟ್ರೇ. ಬೆಳಿಗ್ಗೆ ಫೋನ್ ಬರುತ್ತೆ, ಹೊರಟುಬಿಡ್ತಾರೆ. ಇವನು ಶೂ ಹಾಕ್ಕೊಂಡು ಕೂತಿರ್ತಾನೆ. ಅವರು ಡ್ಯೂಟಿಗೆ ಹೋಗೋದೇನೂ ನಮಗೆ ಹೊಸದಲ್ಲ. ಯಾವತ್ತು ಇರ್ತಾರೆ, ಯಾವತ್ತು ಇರಲ್ಲ ಅಂತ ಮೊದಲೇ ಗೊತ್ತಾದ್ರೆ ಸಾಕು.’

ಆರು ತಿಂಗಳು ನಾನು ಕೇಳದೇ ಉಳಿಸಿದ್ದ ಪ್ರಶ್ನೆಗೆ ಹುಡುಗನ ಹೊಟ್ಟೆನೋವು ಉತ್ತರ ಕೊಟ್ಟಿತು. ತಾಯಿಯ ತಲೆನೋವಿನ ಬೇರೂ ಅಲ್ಲೇ ಇತ್ತು. ಯಜಮಾನರನ್ನೊಮ್ಮೆ ಕಳುಹಿಸಿ ಎಂದೆ. ಮೂರು ವಾರ ಕಳೆದು ರಾತ್ರಿ ಹತ್ತು ಗಂಟೆಗೆ, ನಾನು ಬಾಗಿಲು ಹಾಕುವ ಹೊತ್ತಿಗೆ ಅವರು ಬಂದರು. ಹೆಡ್ ಕಾನ್‌ಸ್ಟೆಬಲ್, ವಯಸ್ಸು 44, ಹೆಚ್ಚುಕಡಿಮೆ ನನ್ನ ಓರಗೆಯವರು. ರಕ್ತದೊತ್ತಡ 170/110. ಸಕ್ಕರೆಯ ಅಂಶವೂ ಮಿತಿ ಮೀರಿತ್ತು. ಎರಡೂ ಇರುವುದು ಅವರಿಗೆ ಅಂದಿನವರೆಗೆ ತಿಳಿದೇ ಇರಲಿಲ್ಲ. ಒಂದೇ ಮನೆಯಲ್ಲಿ ಮೂವರು ರೋಗಿಗಳು, ಮೂರು ಬೇರೆ ಬೇರೆ ಚೀಟಿಗಳು. ಆದರೆ ಕಾರಣ ಬಹುಪಾಲು ಒಂದೇ.

ಇದು ಒಂದು ಮನೆಯ ಕಥೆಯೇ?

ಖಂಡಿತ ಅಲ್ಲ. ಕೇಂದ್ರ ಸರ್ಕಾರದ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೋಗಾಗಿ ಹೈದರಾಬಾದಿನ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜು 2014ರಲ್ಲಿ ಠಾಣೆಗಳ ಕೆಲಸದ ಅವಧಿಯ ಬಗ್ಗೆ ಒಂದು ಅಧ್ಯಯನ ನಡೆಸಿತು. ಠಾಣಾ ಸಿಬ್ಬಂದಿಯಲ್ಲಿ ಸುಮಾರು ಶೇ. 90ರಷ್ಟು ಮಂದಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ದುಡಿಯುತ್ತಾರೆಂದೂ, ನಾಲ್ವರಲ್ಲಿ ಸುಮಾರು ಮೂವರಿಗೆ ತಿಂಗಳಿಗೊಂದು ವಾರದ ರಜೆಯೂ ಸಿಗುತ್ತಿಲ್ಲವೆಂದೂ ಅದರಲ್ಲಿ ಕಂಡುಬಂತು. 2019ರಲ್ಲಿ ‘ಕಾಮನ್ ಕಾಸ್’ ಮತ್ತು ಸಿ.ಎಸ್.ಡಿ.ಎಸ್. ಸಂಸ್ಥೆಗಳು ಹಲವು ರಾಜ್ಯಗಳ ಪೊಲೀಸರನ್ನು ಮಾತನಾಡಿಸಿ ಪ್ರಕಟಿಸಿದ ವರದಿಯ ಪ್ರಕಾರ, ಪೊಲೀಸರು ದಿನಕ್ಕೆ ಸರಾಸರಿ 14 ಗಂಟೆ ಕೆಲಸದಲ್ಲಿರುತ್ತಾರೆ.

ಹದಿನಾಲ್ಕು ಗಂಟೆ ಡ್ಯೂಟಿ ಎಂದರೆ ಉಳಿಯುವುದು ಹತ್ತು ಗಂಟೆ. ಹೋಗಿ ಬರುವುದಕ್ಕೆ ಒಂದು ಗಂಟೆ, ಸ್ನಾನ, ಊಟ, ಸಮವಸ್ತ್ರ, ಬೂಟುಗಳ ಆರೈಕೆಗೆ ಎರಡು ಗಂಟೆ ಕಳೆಯಿರಿ. ಉಳಿದ ಏಳು ಗಂಟೆ ನಿದ್ರೆಗೆ ಸರಿಹೋಯಿತು. ಹೆಂಡತಿ ಮಕ್ಕಳೊಡನೆ ಮಾತನಾಡಬೇಕೆಂದರೆ ಆ ಸಮಯವನ್ನು ನಿದ್ರೆಯಿಂದಲೇ ಕದಿಯಬೇಕು. ಆ ಹೆಡ್ ಕಾನ್‌ಸ್ಟೆಬಲ್ ಮಾಡುತ್ತಿದ್ದುದೂ ಅದನ್ನೇ. ದಿನಕ್ಕೆ ಐದು ಗಂಟೆ ಮಲಗಿದರೆ ಹೆಚ್ಚು.

ದೇಹದೊಳಗೆ ಆಗುವುದೇನು?

ನಮ್ಮ ದೇಹದೊಳಗೆ ಒಂದು ಗಡಿಯಾರವಿದೆ. ಹಗಲು ಬೆಳಕಿಗೆ ಅದು ಎಚ್ಚರದ ರಸದೂತಗಳನ್ನೂ ಕತ್ತಲಾದ ಮೇಲೆ ನಿದ್ರೆಯ ರಸದೂತಗಳನ್ನೂ ಹೊರಡಿಸುತ್ತದೆ. ರಾತ್ರಿ ಗಸ್ತಿನವರು ಈ ಗಡಿಯಾರಕ್ಕೆ ವಿರುದ್ಧವಾಗಿ ದುಡಿಯುತ್ತಾರೆ. ಒಂದು ವಾರ ರಾತ್ರಿ, ಮರುವಾರ ಹಗಲು, ನಡುವೆ ಬಂದೋಬಸ್ತ್ ಎಂದು ವೇಳೆ ಬದಲಾಗುತ್ತಲೇ ಇದ್ದರೆ ಗಡಿಯಾರ ಯಾವ ವೇಳೆಗೂ ಹೊಂದಿಕೊಳ್ಳುವುದಿಲ್ಲ. ನಿದ್ರೆಗೆಟ್ಟ ದೇಹದಲ್ಲಿ ಇನ್ಸುಲಿನ್ನಿನ ಕೆಲಸ ಕುಂಠಿತವಾಗಿ ಸಕ್ಕರೆ ಏರುತ್ತದೆ. ರಾತ್ರಿ ಇಳಿಯಬೇಕಾದ ರಕ್ತದೊತ್ತಡ ಇಳಿಯುವುದಿಲ್ಲ. ಹಸಿವಿನ ಲೆಕ್ಕ ತಪ್ಪಿ, ನಡುರಾತ್ರಿ ಸಿಕ್ಕುವ ಬನ್ನು, ಬೋಂಡಾ, ಸಿಹಿ ಚಹಾ ಹೊಟ್ಟೆ ಸೇರುತ್ತವೆ. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಊಟಕ್ಕೆ ಹೊತ್ತೇ ಇಲ್ಲದವನು ಊಟ ಬಲ್ಲವನಾದರೂ ಏನು ಪ್ರಯೋಜನ?

ದೀರ್ಘಾವಧಿಯ ದುಡಿಮೆಯ ಬೆಲೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಲೆಕ್ಕ ಹಾಕಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು. ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. ದಿನಕ್ಕೆ 14 ಗಂಟೆಯಂತೆ ವಾರಕ್ಕೆ ಆರು ದಿನ ದುಡಿದರೆ 84 ಗಂಟೆ.

ಇನ್ನು ನಿದ್ರೆಗೂ ಸಿಟ್ಟಿಗೂ ಹತ್ತಿರದ ನಂಟು. ಅಮೆರಿಕಾ ಮತ್ತು ಕೆನಡಾದ ಸುಮಾರು 5,000 ಪೊಲೀಸರನ್ನು ಒಳಗೊಂಡು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶೇ. 40ರಷ್ಟು ಮಂದಿಗೆ ಒಂದಲ್ಲ ಒಂದು ನಿದ್ರೆಯ ತೊಂದರೆಯ ಲಕ್ಷಣಗಳಿದ್ದವು. ಗೊರಕೆಯೊಡನೆ ನಡುನಡುವೆ ಉಸಿರು ಕಟ್ಟುವ ತೊಂದರೆ ಅವುಗಳಲ್ಲಿ ಮುಖ್ಯವಾದುದು. ಇಂಥವರು ಕರ್ತವ್ಯದಲ್ಲಿ ತಪ್ಪು ಮಾಡುವುದು, ವಾಹನ ಓಡಿಸುತ್ತಲೇ ತೂಕಡಿಸುವುದು, ಸಾರ್ವಜನಿಕರ ಮೇಲೆ ಸಿಟ್ಟಾಗುವುದು ಹೆಚ್ಚೆಂದು ತಿಳಿದುಬಂತು. ಠಾಣೆಯಲ್ಲಿ ಗದರಿಸುವ ಪೊಲೀಸರನ್ನು ನಾವು ಬೈದುಕೊಳ್ಳುತ್ತೇವೆ. ಗದರುವುದು ತಪ್ಪೇ ಸರಿ. ಆದರೆ ಅವರು ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದರೆಂದು ಯಾರೂ ಕೇಳುವುದಿಲ್ಲ.

ಒತ್ತಡ ಮನೆಗೆ ಬರುವ ದಾರಿ

ಪೊಲೀಸರು ದಿನವೂ ಕಾಣುವುದು ಅಪಘಾತ, ಜಗಳ, ಅಳು, ಶವ. ಕೆಲಸದ ಹೊತ್ತಿನಲ್ಲಿ ಅವರು ಮನಸ್ಸನ್ನು ಬಿಗಿಹಿಡಿಯಲೇಬೇಕು. ಮನೆಗೆ ಬಂದ ಮೇಲೆ ಆ ಬಿಗಿ ಸಡಿಲಾಗಲು ಸಮಯ ಬೇಕು. ಅದು ಸಿಗದಿದ್ದರೆ ಎರಡರಲ್ಲಿ ಒಂದಾಗುತ್ತದೆ. ಕೆಲವರು ಮಾತು ಬಿಡುತ್ತಾರೆ, ಕೆಲವರು ಸಣ್ಣದಕ್ಕೂ ಸಿಡುಕುತ್ತಾರೆ. ಮನಸ್ಸು ಹಗುರಾಗಲೆಂದು ಮದ್ಯಕ್ಕೆ ಕೈ ಹಾಕುವವರೂ ಇದ್ದಾರೆ. ಮದ್ಯ ಕುಡಿದು ಬರುವ ನಿದ್ರೆ ಆಳವಾದುದಲ್ಲ. ಬೆಳಿಗ್ಗೆ ಎದ್ದಾಗ ದಣಿವು ಹಾಗೆಯೇ ಉಳಿದಿರುತ್ತದೆ.

ಇತ್ತ ಮನೆಯವರು ಸದಾ ಕಾಯುತ್ತಾರೆ. ಗಲಭೆಯ ಸುದ್ದಿ ಟಿ.ವಿ.ಯಲ್ಲಿ ಬಂದರೆ ಹೆಂಡತಿಗೆ ನಿದ್ರೆಯಿಲ್ಲ. ಮಗಳ ಶಾಲೆಯ ಸಭೆ, ಅತ್ತೆಯ ಆಸ್ಪತ್ರೆ, ಗ್ಯಾಸ್ ಸಿಲಿಂಡರ್, ಬ್ಯಾಂಕು, ಎಲ್ಲವೂ ಒಬ್ಬರ ತಲೆಯ ಮೇಲೆ. ಮುಂದೇನಾಗುವುದೋ ತಿಳಿಯದೆ ಕಾಯುವವರ ಕುತ್ತಿಗೆ, ಹಣೆಯ ಸ್ನಾಯುಗಳು ದಿನವಿಡೀ ಬಿಗಿದುಕೊಂಡಿರುತ್ತವೆ. ನನ್ನ ರೋಗಿಯ ತಲೆನೋವು ಇದೇ. ಮಾತ್ರೆ ಅದನ್ನು ನಾಲ್ಕು ಗಂಟೆ ಮರೆಸಬಲ್ಲದು, ಹೋಗಲಾಡಿಸಲಾರದು. ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ದಿನವೂ ನುಂಗಿದರೆ ಅವುಗಳಿಂದಲೇ ತಲೆನೋವು ಬರುವುದೂ ಉಂಟು.

ಮೊದಲ ಔಷಧಿ: ಮೊದಲೇ ತಿಳಿದ ರಜೆ

ಹಾಗಾದರೆ ಪರಿಹಾರವೇನು? ‘ಯೋಗ ಮಾಡಿ, ವಾಕಿಂಗ್ ಮಾಡಿ’ ಎಂದು ಬರೆದುಬಿಡುವುದು ನನಗೆ ಸುಲಭ. ಆದರೆ ವೇಳೆಯೇ ಇಲ್ಲದವನಿಗೆ ಅದು ಉಪದೇಶವಾದೀತೇ ಹೊರತು ಚಿಕಿತ್ಸೆಯಾಗದು. ಈ ಕಾಯಿಲೆಯ ಮೊದಲ ಔಷಧಿ ಇರುವುದು ಠಾಣೆಯಲ್ಲಿ. ಅದರ ಹೆಸರು ಡ್ಯೂಟಿ ಪಟ್ಟಿ.

ಮುಂಬೈನ ಉದಾಹರಣೆ ನೋಡಿ. ಅಲ್ಲಿಯ ದೇವನಾರ್ ಠಾಣೆಯ ಕಾನ್‌ಸ್ಟೆಬಲ್ ಒಬ್ಬರು ಸಿಬ್ಬಂದಿಯನ್ನು 8 ಗಂಟೆಯ ಪಾಳಿಗಳಿಗೆ ಹಂಚುವ ಲೆಕ್ಕವೊಂದನ್ನು ತಯಾರಿಸಿ ಮೇಲಧಿಕಾರಿಗಳ ಮುಂದಿಟ್ಟರು. ಆಗ ಪೊಲೀಸ್ ಆಯುಕ್ತರಾಗಿದ್ದ ದತ್ತಾ ಪಡಸಲಗೀಕರ್ ಅದನ್ನು ಪಕ್ಕಕ್ಕೆ ಸರಿಸದೆ 2016ರ ಮೇ ತಿಂಗಳಲ್ಲಿ ಅದೇ ಠಾಣೆಯಲ್ಲಿ ಪ್ರಯೋಗಕ್ಕೆ ತಂದರು. 8 ಗಂಟೆ ಕೆಲಸ, 16 ಗಂಟೆ ವಿರಾಮ. ಮರುವರ್ಷದ ಹೊತ್ತಿಗೆ ನಗರದ ಇತರ ಠಾಣೆಗಳಿಗೂ ಅದು ಹಬ್ಬಿತು. ಆಂಧ್ರಪ್ರದೇಶ ಸರ್ಕಾರ 2019ರಲ್ಲಿ ಪೊಲೀಸರಿಗೆ ವಾರದ ರಜೆಯನ್ನು ಘೋಷಿಸಿತು. ಸಿಬ್ಬಂದಿಯ ಕೊರತೆ ಇರುವೆಡೆ ಇಂಥ ವ್ಯವಸ್ಥೆ ಉಳಿಸಿಕೊಳ್ಳುವುದು ಕಷ್ಟವೇ. ಖಾಲಿ ಹುದ್ದೆಗಳನ್ನು ತುಂಬುವುದೂ ಒಂದು ಆರೋಗ್ಯ ಕಾರ್ಯಕ್ರಮ ಎಂದು ವೈದ್ಯನಾಗಿ ನಾನು ಹೇಳಬಲ್ಲೆ.

ನಮ್ಮ ರಾಜ್ಯದಲ್ಲಿ 2016ರ ಜೂನ್ ತಿಂಗಳಲ್ಲಿ ಪೊಲೀಸರ ಸಾಮೂಹಿಕ ರಜೆಯ ಕರೆ ಕೇಳಿಬಂದುದು ಓದುಗರಿಗೆ ನೆನಪಿರಬಹುದು. ವೇತನದ ಜೊತೆಗೆ ರಜೆ, ಕೆಲಸದ ಅವಧಿಗಳೂ ಆಗ ಮುಖ್ಯ ಬೇಡಿಕೆಗಳಾಗಿದ್ದವು. ಸಂಘ ಕಟ್ಟುವ ಪೊಲೀಸರ ಹಕ್ಕನ್ನು 1966ರ ಕೇಂದ್ರ ಕಾಯಿದೆ ಮಿತಿಗೊಳಿಸಿದೆ. ಕಾರ್ಖಾನೆಯ ಕಾರ್ಮಿಕರಂತೆ ಅವರು ಬೀದಿಗಿಳಿದು ಕೇಳುವಂತಿಲ್ಲ. ಹಾಗಾಗಿ ಅವರ ಪರವಾಗಿ ಯೋಚಿಸುವ ಹೊಣೆ ಮೇಲಧಿಕಾರಿಗಳ ಮೇಲೂ ಸರ್ಕಾರದ ಮೇಲೂ ಇನ್ನಷ್ಟು ಹೆಚ್ಚು.

ಸರ್ಕಾರದ ಆದೇಶಕ್ಕೆ ಕಾಯದೆ ಒಂದು ಠಾಣೆಯ ಮಟ್ಟದಲ್ಲೇ ಆಗಬಹುದಾದ ಕೆಲಸವೂ ಇದೆ. ನಾನು ಹೇಳಿದ ಹೆಡ್ ಕಾನ್‌ಸ್ಟೆಬಲ್ ಅವರ ಠಾಣಾಧಿಕಾರಿ ಒಮ್ಮೆ ಜ್ವರವೆಂದು ನನ್ನಲ್ಲಿಗೆ ಬಂದಾಗ, ಯಾವ ರೋಗಿಯ ಹೆಸರನ್ನೂ ಹೇಳದೆ ಈ ವಿಷಯ ಪ್ರಸ್ತಾಪಿಸಿದೆ. ‘ಜನ ಕಡಿಮೆ ಡಾಕ್ಟ್ರೇ, ಹೆಚ್ಚು ರಜೆ ಕೊಡೋಕೆ ನನ್ನ ಕೈಲಿ ಆಗಲ್ಲ’ ಎಂದರು. ‘ಹೆಚ್ಚು ಬೇಡ, ಕೊಡುವ ರಜೆಯನ್ನೇ ಒಂದು ವಾರ ಮೊದಲು ಹೇಳಿ’ ಎಂದೆ. ಅವರು ನಕ್ಕು ಹೋದರು. ಆದರೆ ಮುಂದಿನ ತಿಂಗಳಿಂದ ಸ್ಟೇಷನ್ ರೈಟರ್ ಕೈಯಲ್ಲಿ ವಾರದ ಪಟ್ಟಿ ಬರೆಸಿ ಗೋಡೆಗೆ ಅಂಟಿಸತೊಡಗಿದರು. ಪಟ್ಟಿ ತಪ್ಪಿದವರಿಗೆ ಬದಲಿ ದಿನವನ್ನೂ ಅಲ್ಲೇ ಬರೆಯುವುದು ರೂಢಿಯಾಯಿತು. ಗಣೇಶನ ವಿಸರ್ಜನೆಯ ವಾರ ಪಟ್ಟಿ ಪೂರ್ತಿ ಕೆಟ್ಟಿತು. ಆದರೆ ಈ ವಾರ ಕೆಡುತ್ತದೆ ಎಂಬುದೂ ಮನೆಯವರಿಗೆ ಮೊದಲೇ ತಿಳಿದಿತ್ತು.

ಒಂದು ಪೈಸೆಯ ಖರ್ಚಿಲ್ಲದ ಈ ಏರ್ಪಾಡನ್ನು ನಾನು ಔಷಧಿ ಎಂದು ಕರೆದದ್ದಕ್ಕೆ ಕಾರಣವಿದೆ. ಕಷ್ಟ ಎಷ್ಟು ದೊಡ್ಡದು ಎಂಬುದರಷ್ಟೇ ಅದು ಯಾವಾಗ ಬರುತ್ತದೆ ಎಂದು ತಿಳಿಯದಿರುವುದೂ ಮನಸ್ಸನ್ನು ಹಣ್ಣು ಮಾಡುತ್ತದೆ. ರಜೆಯ ದಿನ ಗೊತ್ತಿದ್ದರೆ ಆ ದಿನಕ್ಕೆ ರಕ್ತಪರೀಕ್ಷೆ ಇಟ್ಟುಕೊಳ್ಳಬಹುದು, ಮಗುವಿಗೆ ಮಾತು ಕೊಡಬಹುದು, ಹಿಂದಿನ ರಾತ್ರಿ ನೆಮ್ಮದಿಯಾಗಿ ಮಲಗಬಹುದು.

ಮೇಲಧಿಕಾರಿಯ ಒಂದು ಮಾತು

ಕೆಲಸದ ಸ್ಥಳ ಕೊಡಬಹುದಾದ ಆಸರೆಗಳಲ್ಲಿ ಎರಡನೆಯದು ಮೇಲಧಿಕಾರಿಯ ನಡತೆ. ಮಗುವಿಗೆ ಜ್ವರವೆಂದು ಎರಡು ಗಂಟೆ ಅನುಮತಿ ಕೇಳಿದಾಗ ‘ನಿನ್ನ ಮಗುವಿಗೊಬ್ಬನಿಗೇನಾ ಜ್ವರ?’ ಎಂಬ ಉತ್ತರ ಬಂದರೆ, ಆ ಮಾತು ಸಂಜೆ ಮನೆಗೆ ಬಂದು ಹೆಂಡತಿಯ ಮೇಲೆ ಬೀಳುತ್ತದೆ. ‘ಈಗ ಆಗಲ್ಲ, ನಾಲ್ಕು ಗಂಟೆಗೆ ಹೋಗಿ ಬಾ’ ಎಂದರೆ ಕೆಲಸವೂ ನಡೆಯುತ್ತದೆ, ಮನಸ್ಸೂ ಉಳಿಯುತ್ತದೆ. ಭೀಕರ ಅಪಘಾತವನ್ನೋ ಮಗುವಿನ ಶವವನ್ನೋ ನೋಡಿ ಬಂದ ಸಿಬ್ಬಂದಿಯನ್ನು ಪಕ್ಕಕ್ಕೆ ಕರೆದು ‘ಹೇಗಿದ್ದೀಯಪ್ಪಾ?’ ಎಂದು ಕೇಳುವುದಕ್ಕೆ ಎರಡು ನಿಮಿಷ ಸಾಕು. ರಾತ್ರಿ ಗಸ್ತು ಮುಗಿಸಿದವರನ್ನು ಬೆಳಗಿನ ರೋಲ್ ಕಾಲಿಗೆ ನಿಲ್ಲಿಸದೆ ಮನೆಗೆ ಕಳುಹಿಸುವುದು, ಬಂದೋಬಸ್ತಿನ ಜಾಗಕ್ಕೆ ಬಿಸಿ ಊಟ, ಕುಡಿಯುವ ನೀರು ತಲುಪಿಸುವುದು ಸಹ ಆರೋಗ್ಯ ರಕ್ಷಣೆಯೇ.

ಮಹಿಳಾ ಸಿಬ್ಬಂದಿಯ ಪಾಡು

ಗಂಡ ಪೊಲೀಸ್ ಆದರೆ ಮನೆ ನೋಡಲು ಹೆಂಡತಿ ಇರುತ್ತಾಳೆ. ಹೆಂಡತಿಯೇ ಪೊಲೀಸ್ ಆದರೆ? ಡ್ಯೂಟಿ ಮುಗಿಸಿ ಬಂದವಳಿಗೆ ಅಡುಗೆಮನೆಯ ಡ್ಯೂಟಿ ಕಾದಿರುತ್ತದೆ. ಬಂದೋಬಸ್ತಿನ ಜಾಗದಲ್ಲಿ ಶೌಚಾಲಯ ಇರುವುದಿಲ್ಲವೆಂದು ಬೆಳಗಿನಿಂದ ನೀರು ಕುಡಿಯದೇ ಇರುವವರನ್ನು ನಾನು ಬಲ್ಲೆ. ಉರಿಮೂತ್ರ, ಮೂತ್ರಕೋಶದ ಸೋಂಕು ಇವರಲ್ಲಿ ಮತ್ತೆ ಮತ್ತೆ ಕಾಣುತ್ತದೆ. ದೊಡ್ಡ ಬಂದೋಬಸ್ತಿನ ಯೋಜನೆಯಲ್ಲಿ ಬ್ಯಾರಿಕೇಡುಗಳ ಜೊತೆಗೆ ಸಂಚಾರಿ ಶೌಚಾಲಯವನ್ನೂ ಬರೆದುಕೊಂಡರೆ ಈ ಕಾಯಿಲೆಯ ಬಹುಪಾಲು ತಪ್ಪುತ್ತದೆ.

ಹೆರಿಗೆ ರಜೆ 180 ದಿನ. ಮಗುವಿಗೆ ಎದೆಹಾಲು ಮಾತ್ರವೇ ಸಾಕಾಗುವ ಅವಧಿಯೂ ಆರು ತಿಂಗಳು. ಆ ನಂತರವೂ ಎದೆಹಾಲು ಬೇಕು. ತಾಯಿ ಹಾಲು ಹಿಂಡಿ ಶುದ್ಧ ಪಾತ್ರೆಯಲ್ಲಿಟ್ಟರೆ ಕೋಣೆಯ ಸಾಮಾನ್ಯ ಉಷ್ಣತೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಕೆಡುವುದಿಲ್ಲ. ಬಿರುಬೇಸಿಗೆಯಲ್ಲಿ ಮಾತ್ರ ಹೊರಗಿಡದೆ ಬೇಗ ಫ್ರಿಜ್ಜಿಗೆ ಸೇರಿಸಿ. ಇದಕ್ಕೆ ಠಾಣೆಯಲ್ಲಿ ಬೇಕಾದದ್ದು ಚಿಲಕವಿರುವ ಒಂದು ಚಿಕ್ಕ ಕೋಣೆ. ಕರ್ನಾಟಕ ಸರ್ಕಾರ ತನ್ನ ಮಹಿಳಾ ನೌಕರರಿಗೆ ಆರು ತಿಂಗಳವರೆಗಿನ ಶಿಶುಪಾಲನಾ ರಜೆಯನ್ನು 2021ರಲ್ಲಿ ಜಾರಿಗೆ ತಂದಿತು. ತಂದೆಯಾದವರಿಗೂ 15 ದಿನಗಳ ಪಿತೃತ್ವ ರಜೆ ಉಂಟು. ಕೇಳಲು ಸಂಕೋಚಪಡಬೇಡಿ. ಕ್ವಾರ್ಟರ್ಸಿನ ಆವರಣದಲ್ಲೇ ಒಂದು ಶಿಶುವಿಹಾರವಿದ್ದು, ಅದು ಪಾಳಿಯ ವೇಳೆಗೆ ತೆರೆದಿದ್ದರೆ ಎಷ್ಟೋ ತಾಯಂದಿರ ರಕ್ತದೊತ್ತಡ ಇಳಿದೀತು.

ಇರುವ ಸೌಲಭ್ಯ ಬಳಸಿಕೊಳ್ಳಿ

ನಮ್ಮ ರಾಜ್ಯದ ಪೊಲೀಸರಿಗೂ ಅವರ ಅವಲಂಬಿತರಿಗೂ ‘ಆರೋಗ್ಯ ಭಾಗ್ಯ’ ಎಂಬ ಚಿಕಿತ್ಸಾ ಯೋಜನೆ ವರ್ಷಗಳಿಂದ ನಡೆದು ಬಂದಿದೆ. ಯಾವ ಆಸ್ಪತ್ರೆ, ಯಾವ ಚಿಕಿತ್ಸೆ, ಯಾವ ಕಾಗದ ಬೇಕು ಎಂಬುದನ್ನು ಕಾಯಿಲೆ ಬರುವ ಮೊದಲೇ ಕಚೇರಿಯಲ್ಲಿ ವಿಚಾರಿಸಿ ಬರೆದಿಡಿ. ಎದೆನೋವು ಬಂದ ರಾತ್ರಿ ಕಾರ್ಡು ಹುಡುಕುತ್ತಾ ಕೂರಬಾರದು. ಕಾಗದದ ಸ್ಥಳ ಹೆಂಡತಿಗೂ ಗೊತ್ತಿರಲಿ.

ಮೂವತ್ತೈದು ದಾಟಿದ ಪೊಲೀಸರು ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷಿಸಿಕೊಳ್ಳಬೇಕು. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮೀರಿದರೆ ಎಚ್ಚರ ವಹಿಸಬೇಕು. ಜೋರು ಗೊರಕೆ, ನಡುವೆ ಉಸಿರು ನಿಂತಂತಾಗುವುದು, ಹಗಲಲ್ಲಿ ತೂಕಡಿಕೆ ಇದ್ದರೆ ವೈದ್ಯರಿಗೆ ಹೇಳಿ. ಇದನ್ನು ಗಮನಿಸಬಲ್ಲವರು ಪಕ್ಕದಲ್ಲಿ ಮಲಗುವವರೇ.

ಮನಸ್ಸಿನ ಕಾಯಿಲೆಯ ಬಗ್ಗೆ ಪೊಲೀಸರಲ್ಲಿ ನಾಚಿಕೆ ಹೆಚ್ಚು. ‘ಹುಚ್ಚ ಅಂದಾರು, ಬಡ್ತಿ ತಪ್ಪೀತು’ ಎಂಬ ಭಯ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಮನೆಯವರೂ ಕರೆ ಮಾಡಬಹುದು. ‘ಬದುಕಿ ಏನು ಪ್ರಯೋಜನ’ ಎಂಬಂಥ ಮಾತು ಬಂದರೆ, ಕುಡಿತ ದಿಢೀರನೆ ಹೆಚ್ಚಾದರೆ, ಇಷ್ಟದ ವಸ್ತುಗಳನ್ನು ಹಂಚತೊಡಗಿದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಅವರನ್ನು ಒಂಟಿಯಾಗಿ ಬಿಡಬೇಡಿ.

ಮನೆಯಲ್ಲಿ ಮಾಡಬಹುದಾದದ್ದು

1. ಡ್ಯೂಟಿ ತಿಳಿದ ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಓದಲು ಬರುವ ಮಕ್ಕಳು ತಾವೇ ನೋಡಿಕೊಳ್ಳುತ್ತಾರೆ.

2. ಖಚಿತವಿಲ್ಲದ ಮಾತನ್ನು ಮಕ್ಕಳಿಗೆ ಕೊಡಬೇಡಿ. ‘ಕರೆದೊಯ್ಯುತ್ತೇನೆ’ ಎನ್ನುವ ಬದಲು ‘ಡ್ಯೂಟಿ ಬಾರದಿದ್ದರೆ ಹೋಗೋಣ, ಬಂದರೆ ಸಂಜೆ ಕೇರಂ ಆಡೋಣ’ ಎನ್ನಿ.

3. ಡ್ಯೂಟಿಯಿಂದ ಬಂದವರಿಗೆ ಬಾಗಿಲಲ್ಲೇ ದೂರಿನ ಪಟ್ಟಿ ಓದಬೇಡಿ. ಕೈಕಾಲು ತೊಳೆದು, ಸಮವಸ್ತ್ರ ಬದಲಿಸಿ ಹದಿನೈದು ನಿಮಿಷ ಕೂರಲಿ. ಬಂದವರೂ ಅಷ್ಟೇ, ಆ ಹದಿನೈದು ನಿಮಿಷ ಕಳೆದ ಮೇಲೆ ಮನೆಯವರ ಮಾತಿಗೆ ಕಿವಿಗೊಡಲಿ. ಫೋನಿನೊಳಗೆ ಅವಿತುಕೊಳ್ಳಬಾರದು.

4. ರಾತ್ರಿ ಪಾಳಿಗೆ ಮನೆಯಿಂದಲೇ ಊಟ ಮಾಡಿ ಹೊರಡಿ. ನಡುರಾತ್ರಿಗೆ ಹಣ್ಣು, ಹುರಿಗಡಲೆ, ಮಜ್ಜಿಗೆ ಸಾಕು. ಪಾಳಿ ಮುಗಿಯುವ ಐದಾರು ಗಂಟೆ ಮೊದಲೇ ಕಾಫಿ, ಚಹಾ ನಿಲ್ಲಿಸಿ.

5. ಬೆಳಿಗ್ಗೆ ಮಲಗುವ ಕೋಣೆಗೆ ದಪ್ಪ ಪರದೆ ಹಾಕಿ ಕತ್ತಲು ಮಾಡಿ. ಆ ಹೊತ್ತಿನಲ್ಲಿ ಟಿ.ವಿ. ಮತ್ತು ಮಿಕ್ಸಿಗೆ ವಿರಾಮವಿರಲಿ. ಒಟ್ಟು ಏಳು ಗಂಟೆ ನಿದ್ರೆ ಗುರಿಯಾಗಿರಲಿ.

6. ರಕ್ತದೊತ್ತಡ, ಸಕ್ಕರೆಯ ಮಾತ್ರೆಗಳ ಒಂದು ದಿನದ ಪೊಟ್ಟಣ ಸದಾ ಜೇಬಿನಲ್ಲಿರಲಿ. ಬಂದೋಬಸ್ತ್ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಯಾರೂ ಹೇಳಲಾರರು.

ಕೊನೆಯ ಮಾತು

ಆ ಹೆಡ್ ಕಾನ್‌ಸ್ಟೆಬಲ್ ಈಗ ಎರಡು ತಿಂಗಳಿಗೊಮ್ಮೆ, ಪಟ್ಟಿಯಲ್ಲಿರುವ ರಜೆಯ ದಿನ, ಸಮವಸ್ತ್ರವಿಲ್ಲದೆ ಬರುತ್ತಾರೆ. ಮಾತ್ರೆಗಳು ನಿಂತಿಲ್ಲ, ನಿಲ್ಲಿಸುವಂತೆಯೂ ಇಲ್ಲ. ಆದರೆ ರಕ್ತದೊತ್ತಡ ಹತೋಟಿಗೆ ಬಂದಿದೆ. ಅವರ ಶ್ರೀಮತಿಗೆ ತಲೆನೋವು ಪೂರ್ತಿ ಹೋಗಿಲ್ಲ, ತಿಂಗಳಿಗೊಮ್ಮೆ ಬರುತ್ತದಂತೆ. ನೋವಿನ ಮಾತ್ರೆಗೆಂದು ಬರುವುದನ್ನು ನಿಲ್ಲಿಸಿದ್ದಾರೆ. ಹುಡುಗನ ಹೊಟ್ಟೆನೋವು ಈಗ ಸೋಮವಾರಕ್ಕೆ ವರ್ಗವಾಗಿದೆ, ಅದಕ್ಕೆ ನಾನು ಚಿಂತಿಸುವುದಿಲ್ಲ.

ನಮ್ಮ ಹಬ್ಬ, ಜಾತ್ರೆ, ಮೆರವಣಿಗೆಗಳು ನೆಮ್ಮದಿಯಾಗಿ ನಡೆಯುವುದು ಯಾರದೋ ಮನೆಯ ಹಬ್ಬ ತಪ್ಪುವುದರಿಂದ. ಮೆರವಣಿಗೆಯನ್ನು ಹೇಳಿದ ವೇಳೆಗೆ ಮುಗಿಸುವುದು ನಮ್ಮ ಕೈಲಿದೆ. ಮುಂದಿನ ಸಲ ವಿಸರ್ಜನೆ ರಾತ್ರಿ ಎರಡು ಗಂಟೆಗೆ ಎಳೆದಾಗ, ಮೂಲೆಯಲ್ಲಿ ಲಾಠಿ ಹಿಡಿದು ನಿಂತವರ ಮನೆಯಲ್ಲಿ ದೀಪ ಇನ್ನೂ ಆರಿಲ್ಲ ಎಂಬುದು ನೆನಪಿರಲಿ.